ಅಕ್ಕನಿಲ್ಲದ ಸಂಕ್ರಾಂತಿಗೆ ಐರಣಿ ಹೊಳೆಗೆ

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಹಾವೇರಿ ಸ್ಟೇಷನ್ನಿನಲ್ಲಿ ರಾಣೇಬೆನ್ನೂರಿಗೆ ಪ್ಯಾಸೆಂಜರ್ ಟಿಕೇಟು ತೆಗೆಸಿದೆ. ಏಳು ರೂಪಾಯಿ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು ಬಸ್ಸುಗಳೆಲ್ಲ ಧೂಳಿನಲ್ಲಿ ತೆವಳುತ್ತಿದ್ದ ವರ್ಷ ಅದು. ಪ್ರತಿ ಸಂಕ್ರಾಂತಿಗೂ ನಾನು ಅಕ್ಕನ ಮನೆಗೆ ಹೋಗುತ್ತಿದ್ದೆ. ಈ ಸಲ ಅಕ್ಕ ಇರಲಿಲ್ಲ. ಗಣೇಶನ ಹಬ್ಬ ಮುಗಿದ ವಾರದಲ್ಲೇ ತೀರಿಕೊಂಡಿದ್ದಳು. ಅಂದಿನಿಂದ ಭಾವ ಬಸಣ್ಣನವರು ಮಂಚ ಹಿಡಿದಿದ್ದರು. ಕಾಲುಗಳಿಗೆ ಏನೂ ಆಗಿಲ್ಲ, ಹೀಗೇ ಮಲಗಿದರೆ ಮಾತ್ರ ಬಿಗಿದುಹೋಗುತ್ತವೆ ಎಂದು ಡಾಕ್ಟರು ಹೇಳಿದ್ದರು. ಅವರನ್ನು ಎಬ್ಬಿಸಿ ಹೊಳೆಗೆ ನಡೆಸಿಕೊಂಡು ಹೋಗಬೇಕೆಂದೇ ನಾನು ಹೊರಟಿದ್ದೆ.

ಬ್ಯಾಡಗಿಯಲ್ಲಿ ರೈಲು ನಿಂತಾಗ ಡಬ್ಬಿಯ ತುಂಬ ಕೆಮ್ಮು. ಮೆಣಸಿನಕಾಯಿ ಸುಗ್ಗಿಯ ದಿನಗಳಲ್ಲಿ ಆ ಊರಿನ ಗಾಳಿಯೇ ಹಾಗೆ. ಚೀಲಗಳ ಜೊತೆ ಹತ್ತಿದ ಹೆಂಗಸೊಬ್ಬಳು ಎಲ್ಲರ ಸೀನು ನೋಡಿ ನಗುತ್ತ ಕುಳಿತಳು. ಪ್ರತಿ ಸಲ ನಾನು ಮನೆ ಬಾಗಿಲಿಗೆ ಬಂದ ಕೂಡಲೇ ಅಕ್ಕ, 'ಬ್ಯಾಡಗಿ ದಾಟಿ ಬಂದಿ ನೋಡು, ಅಂಗಿ ಘಾಟು ಹೊಡ್ಯಾಕತ್ತೈತಿ' ಎನ್ನುತ್ತಿದ್ದಳು. ಅದೇ ಘಾಟಿನ ಅಂಗಿಯಲ್ಲಿ ಅಂದು ಅವಳ ಹೊಸ್ತಿಲು ದಾಟಿದೆ. ಯಾರೂ ಏನೂ ಅನ್ನಲಿಲ್ಲ.

ಭಾವ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಹೊಳೆಯ ಮಾತೆತ್ತಿದರೆ, ಸತ್ತವರ ವರ್ಷ ತುಂಬುವ ತನಕ ಮನೆಯಲ್ಲಿ ಹಬ್ಬವಿಲ್ಲ ಎಂದರು. ಅದು ನಿಜವೇ. ಉತ್ತರ ಕೊಟ್ಟವಳು ಪಕ್ಕದ ಮನೆಯ ಮಾಬೂಬಿ. ಅವಳ ಗಂಡನ ಟ್ರ್ಯಾಕ್ಟರಿನಲ್ಲೇ ಪ್ರತಿ ವರ್ಷ ಓಣಿಯೆಲ್ಲ ಹೊಳೆಗೆ ಹೋಗುವುದು. ಬಾಗಿಲಲ್ಲಿ ನಿಂತೇ ಹೇಳಿದಳು:

'ಹೋಳಿಗಿ ತಿನ್ನಾಕ ಯಾರು ಕರದಾರ್ರಿ ಅಣ್ಣಾರ? ಮೈ ವಾಸ್ನಿ ಬರಾಕತ್ತೈತಿ, ಹೊಳ್ಯಾಗ ತೊಳ್ಕೊಳ್ರಿ ಅಂತ ಕರ್ಯಾಕತ್ತೇನಿ. ಅದಕ್ಕೂ ವರ್ಷ ತುಂಬಬೇಕೇನ್ರಿ?'

ಭಾವ ನಗಲಿಲ್ಲ. ಆದರೆ ಬೆಳಿಗ್ಗೆ ಹೆಗಲ ಮೇಲೆ ಟವಲ್ ಹಾಕಿಕೊಂಡು ಮಂಚದ ಅಂಚಿನಲ್ಲಿ ಕುಳಿತಿದ್ದರು.

ಸಂಕ್ರಾಂತಿಯಂದು ರಾಣೇಬೆನ್ನೂರು ಊರಿಗೆ ಊರೇ ತುಂಗಭದ್ರೆಯ ಕಡೆ ಹೊರಡುತ್ತದೆ. ಟ್ರ್ಯಾಕ್ಟರು, ಟೆಂಪೋ, ಸೈಕಲ್ಲು, ಎಲ್ಲದರಲ್ಲೂ ಬುತ್ತಿ ಗಂಟುಗಳು. ಹೊಳೆ ದಂಡೆಯ ಐರಣಿ ಮುಟ್ಟಲು ಒಂದು ತಾಸು ಹಿಡಿಯಿತು. ಥಂಡಿಗಾಳಿಗೆ ಎಲ್ಲರೂ ಕಿವಿ ಕಟ್ಟಿಕೊಂಡಿದ್ದರು. ಹೊಳೆ ಸೊರಗಿ ಮರಳು ಅಗಲವಾಗಿ ಬಿದ್ದಿತ್ತು, ಇಳಿದು ನಡೆಯಲೇಬೇಕು. ಭಾವ ನನ್ನ ತೋಳು ಹಿಡಿದು ಮೂರು ಕಡೆ ಕುಳಿತು ನೀರಿನ ತನಕ ಬಂದರು. ದಂಡೆಯಲ್ಲೇ ಕುಳಿತು ತಂಬಿಗೆಯಿಂದ ಮೈಮೇಲೆ ನೀರು ಸುರಿದುಕೊಂಡರು. ಆಮೇಲೆ ಜಮಖಾನೆಯ ಮೇಲೆ ಮುದುಡಿ ಕುಳಿತು, ಇನ್ನು ಮನೆಗೆ ಹೋಗೋಣ ಎಂದರು.

ಊಟಕ್ಕೆ ಮೊದಲು ಹಗ್ಗ ಜಗ್ಗುವುದು ನಮ್ಮವರ ಪದ್ಧತಿ. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಟ್ರ್ಯಾಕ್ಟರಿನ ಹಗ್ಗ ಬಿಚ್ಚಿ ತಂದರು. ಮಾಬೂಬಿ ತನ್ನ ಕಡೆಯವರನ್ನು ಗದರಿಸುತ್ತ ಸಾಲಾಗಿ ನಿಲ್ಲಿಸಿದಳು, ಎಳೆಯವರು ಮುಂದೆ, ಗಟ್ಟಿಯವರು ಹಿಂದೆ. ಸಾಲು ಮುಗಿದಾಗ ತಿರುಗಿಯೂ ನೋಡದೆ ಕೂಗಿದಳು: 'ಶಾಂತಕ್ಕಾ, ನೀ ಕಡೀಕ ನಿಂದ್ರು.'

ಶಾಂತಕ್ಕ ನನ್ನ ಅಕ್ಕ. ಹಗ್ಗದ ಬಾಲವನ್ನು ನಡುವಿಗೆ ಸುತ್ತಿಕೊಂಡು, ಮರಳಿನಲ್ಲಿ ಹಿಮ್ಮಡಿ ಊರಿ ನಿಂತಳೆಂದರೆ ಎಂಟು ಗಂಡಸರಿಗೂ ಅವಳು ಜಗ್ಗುತ್ತಿರಲಿಲ್ಲ.

ಮಾಬೂಬಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹಗ್ಗದ ತುದಿ ಮರಳ ಮೇಲೆ ಬಿದ್ದಿತ್ತು, ಯಾರೂ ಅದನ್ನು ಮುಟ್ಟಲಿಲ್ಲ. ನಾನು ಭಾವನ ಕಡೆ ನೋಡಿದೆ. ಕರೆತಂದಿದ್ದೇ ತಪ್ಪಾಯಿತು ಎನ್ನಿಸಿತು. ಅವರು ಎರಡೂ ಕೈ ನೆಲಕ್ಕೆ ಊರಿದರು. ಒಂದು ಮೊಣಕಾಲು, ಆಮೇಲೆ ಇನ್ನೊಂದು. ಎದ್ದು, ತೂರಾಡುತ್ತ ಹೆಂಗಸರ ಸಾಲಿನ ಹಿಂದೆ ಹೋಗಿ, ಹಗ್ಗದ ತುದಿ ಎತ್ತಿ ನಡುವಿಗೆ ಸುತ್ತಿಕೊಂಡರು.

ನಮ್ಮ ಕಡೆಯಿಂದ ಯಾರೋ, ನಿನ್ನ ಪಾರ್ಟಿ ಈ ಕಡೆ ಐತಲ್ಲೋ ಬಸಣ್ಣ ಎಂದರು.

'ಇಷ್ಟು ವರ್ಷ ಆ ಕಡೆ ನಿಂತು ಆಕೀನ್ನ ಜಗ್ಗೇನಿ,' ಎಂದರು ಭಾವ. 'ಇವತ್ತ ಆಕೀ ಜಾಗಾದಾಗ ನಿಂದರ್ತೇನಿ. ಜಗ್ಗ್ರಿ.'

ನಾನು ಹಗ್ಗ ಹಿಡಿದೆನೇ ಹೊರತು ಜಗ್ಗಲಿಲ್ಲ. ಅದು ಅವರಿಗೆ ಆ ತುದಿಯಿಂದಲೇ ತಿಳಿಯಿತು. 'ಏ ಹಾವೇರಿ ಸಾಹೇಬ, ಕೈ ಸಡ್ಲ ಬಿಡಬ್ಯಾಡ. ಗೊತ್ತಾಗತೈತಿ ನನಗ.'

ಆಗ ನಿಜವಾಗಿಯೇ ಜಗ್ಗಿದೆ. ಹೆಂಗಸರ ಸಾಲು ಕುಸಿದು, ಕೊನೆಗೆ ಭಾವ ಮರಳಿಗೆ ಬಿದ್ದು ಕುಳಿತಲ್ಲೇ ಜಾರಿ ಬಂದರು. ಹಗ್ಗ ಬಿಚ್ಚದೆ ಹಾಗೇ ಕುಳಿತು ಅತ್ತರು. ನಾಲ್ಕು ತಿಂಗಳಲ್ಲಿ ಅವರು ಅತ್ತಿದ್ದನ್ನು ನಾನು ನೋಡಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮಾಬೂಬಿ ಅವರ ಬೆನ್ನಿಗೆ ಅಂಟಿದ ಮರಳು ಕೊಡವಿ, ಸೋತದ್ದು ಒಂದೇ ಆಟ, ಇನ್ನೂ ಎರಡು ಅದಾವ, ಏಳ್ರಿ ಎಂದಳು. ಎರಡೂ ಆಡಿದರು. ಒಂದು ಗೆದ್ದರು. ಊಟದಲ್ಲಿ ಹೋಳಿಗೆ ಮುಟ್ಟಲಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯನ್ನು ಬದನೆಕಾಯಿ ಎಣಗಾಯಿಯ ಜೊತೆ ಎರಡು ತಿಂದರು.

ಮರುದಿನ ನಾನು ರೈಲಿಗೆ ಹೊರಟಾಗ ಭಾವ ಚಪ್ಪಲಿ ಮೆಟ್ಟಿದರು. ತೊಡೆ ಹಿಡಿದಾವ ಎಂದು ಗೊಣಗುತ್ತಲೇ ಓಣಿಯ ತುದಿಯ ತನಕ ಬಂದು ಲೈಟಿನ ಕಂಬ ಹಿಡಿದು ನಿಂತರು. ಸ್ಟೇಷನ್ ತನಕ ಇವತ್ತು ಆಗುವುದಿಲ್ಲ, ಯುಗಾದಿಗೆ ಬಾ ಎಂದರು.

ತಿರುವಿನಲ್ಲಿ ಹಿಂದೆ ನೋಡಿದೆ. ಅವರು ಕಂಬ ಬಿಟ್ಟು ಮನೆಯ ಕಡೆ ಹೊರಟಿದ್ದರು. ಅಕ್ಕನ ಜೊತೆ ನಡೆಯುವಾಗಿನಂತೆಯೇ, ಎಡಗಡೆ ಒಬ್ಬರಿಗಾಗುವಷ್ಟು ಜಾಗ ಬಿಟ್ಟು, ನಿಧಾನವಾಗಿ ನಡೆಯುತ್ತಿದ್ದರು.