ಕೆಲಸಕ್ಕೆ ಹೋಗದ ಹುಡುಗ

ಚಿಕ್ಕಬಾಣಾವರಕ್ಕೆ ನನಗೆ ಹೆಣ್ಣು ನೋಡಲು ಹೋಗಿದ್ದಾಗ, ಹುಡುಗಿಯ ಕಡೆಯವರ ಮುಂದೆ ನಮ್ಮಪ್ಪ ಎದೆಯುಬ್ಬಿಸಿ ಹೇಳಿದ್ದು ಇಷ್ಟು: "ನಮ್ ಉಡ್ಗ ಕೆಲ್ಸಕ್ಕೆ ಓಗೋ ಅಂಗೇ ಇಲ್ಲ ಬುಡಿ. ಬಾಡಿಗೆ ಬತ್ತೈತೆ, ಕಾಲ್ ಮೇಲೆ ಕಾಲಾಕ್ಕೊಂಡು ಕೂತ್ರಾಯ್ತು."

ನನ್ನ ಮೈಯೆಲ್ಲ ಉರಿದುಹೋಯಿತು. ಎಂಟು ವರ್ಷದಿಂದ ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಗ್ರೈಂಡಿಂಗ್ ಮಷೀನ್ ಮುಂದೆ ನಿಂತಿದ್ದೇನೆ. ಅಚ್ಚುಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ಉಜ್ಜುವುದು ನನ್ನ ಕೆಲಸ. ನನ್ನ ಕೈಗೆ ಹತ್ತಿದ ವಿದ್ಯೆ ಅದೊಂದೇ, ಅದರ ಮೇಲೆ ನನಗೆ ಪ್ರಾಣ. ಆದರೆ ಲಗ್ಗೆರೆಯ ನಮ್ಮಂಥ ಹಳೇ ಮನೆತನಗಳಲ್ಲಿ ಇದು ಮುಚ್ಚಿಡಬೇಕಾದ ರೋಗ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಐದು ಫ್ಲೋರ್ ಎಬ್ಬಿಸಿದ್ದಾರೆ. ಅಲ್ಲಿ ಬಾಡಿಗೆಗಿರುವವರೆಲ್ಲ ಫ್ಯಾಕ್ಟರಿಗೆ ಹೋಗುವವರು. ಓನರ್ ಮಗನೂ ಅವರ ಜೊತೆ ಊಟದ ಡಬ್ಬಿ ಹಿಡಿದು ಬಸ್ ಹತ್ತಿದರೆ ಮಾನ ಹೋಗುತ್ತದಂತೆ! ಇದೇ ಅಪ್ಪ ನನ್ನ ವಯಸ್ಸಿನಲ್ಲಿ ಆಳು ಇಡದೆ ಹೊಲ ಉತ್ತವರು. ಇವತ್ತಿಗೂ ಅದನ್ನು ಬಂದವರಿಗೆಲ್ಲ ಹೇಳಿಕೊಳ್ಳುತ್ತಾರೆ. ನಾನು ಬೆವರು ಸುರಿಸಿದರೆ ಮಾತ್ರ ಮೈಲಿಗೆ.

ಅವತ್ತು ಬೆಳಿಗ್ಗೆ ಅಮ್ಮ ನಿಂಬೆಹಣ್ಣು, ಸೋಪಿನ ಪುಡಿ ತಂದಿಟ್ಟು ನನ್ನ ಉಗುರಿನ ಸಂದಿಯ ಕಪ್ಪನ್ನೆಲ್ಲ ಉಜ್ಜಿಸಿದ್ದರು. ಆ ತೊಳೆದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅಪ್ಪನ ಮಾತು ಕೇಳಿಯೂ ಸುಮ್ಮನೆ ಕೂತಿದ್ದೆ. ಹಿರಿಯರ ಮರ್ಯಾದೆ ಉಳಿಸುತ್ತಿದ್ದೇನೆ ಅಂದುಕೊಂಡೆ. ನಿಜ ಹೇಳಬೇಕೆಂದರೆ ಧೈರ್ಯವಿರಲಿಲ್ಲ.

ಆಮೇಲೆ ಹುಡುಗಿಯನ್ನೂ ನನ್ನನ್ನೂ, ಮಾತಾಡಿಕೊಳ್ಳಿ ಅಂತ ಟೆರೇಸಿಗೆ ಕಳಿಸಿದರು. ಆಕೆ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಮಾಡುವ ಕಡೆ ಕೆಲಸದಲ್ಲಿದ್ದಳು. ಮಾತಿನಲ್ಲಿ ಸುತ್ತಿಬಳಸುವವಳಲ್ಲ.

"ಬೇಜಾರ್ ಮಾಡ್ಕೋಬೇಡಿ. ನಮ್ಮಣ್ಣಂದಿರಿಬ್ರೂ ಬಾಡಿಗೆ ನಂಬ್ಕೊಂಡು ಮನೇಲೇ ಕೂತಿದ್ದಾರೆ. ಅತ್ತಿಗೆಯರ ಪಾಡು ದಿನಾ ನೋಡ್ತಿದೀನಿ. ಕೆಲಸಕ್ಕೆ ಹೋಗದವರು ನನಗೆ ಬೇಡ."

"ಅಯ್ಯೋ, ನಾನು ಹೋಗ್ತೀನಿ ಕಣ್ರೀ!" ಅಂದೆ. ಮಷೀನು, ಅಚ್ಚು, ಎಂಟು ವರ್ಷ, ಎಲ್ಲ ಒಂದೇ ಉಸಿರಿಗೆ ಹೇಳಿದೆ. ಆಕೆಯ ಮುಖ ಅರಳಿತು. ಆದರೆ ಅದು ಹೆಚ್ಚು ಹೊತ್ತು ಇರಲಿಲ್ಲ.

"ಮತ್ತೆ ಕೆಳಗೆ ಯಾಕೆ ಬಾಯ್ಬಿಡ್ಲಿಲ್ಲ? ನಾಳೆ ನಿಮ್ಮಪ್ಪ ನನ್ನ ಕೆಲಸ ಬಿಡಿಸ್ತೀನಿ ಅಂದ್ರೂ ಹೀಗೇ ಕೂತಿರ್ತೀರಾ?"

ಆಕೆ ಮೆಟ್ಟಿಲಿಳಿದು ಹೋಗಿ, ತನಗೆ ಒಪ್ಪಿಗೆಯಿಲ್ಲ ಅಂತ ತಾಯಿಗೆ ಹೇಳಿಬಿಟ್ಟಳು.

ವಾಪಸ್ ಬರುವಾಗ ಕಾರಿನಲ್ಲಿ ನಾನು ಕೊನೆಗೂ ಕೂಗಾಡಿದೆ. ನನ್ನ ಮೇಲಿನ ಸಿಟ್ಟೂ ಅದರಲ್ಲಿ ಸೇರಿತ್ತು. "ನಾನು ಕೆಲಸಕ್ಕೆ ಹೋಗ್ತೀನಿ ಅಂತ ಅಲ್ಲೇ ಎಲ್ಲರ ಮುಂದೆ ಹೇಳಿದ್ದಿದ್ರೆ ಅವಳು ಒಪ್ತಿದ್ಲು ಅಪ್ಪಾ!"

ಅಪ್ಪ ರಸ್ತೆ ನೋಡುತ್ತಲೇ ಗೇರ್ ಬದಲಿಸಿದರು. ಆಮೇಲೆ ನಿಜವಾಗಿಯೂ ಮರುಗುತ್ತಾ, "ದುಡ್ಯೋನೇ ಬೇಕು ಅಂದ್ಲಾ? ಪಾಪ, ಆ ಮನೇಲಿ ಏನ್ ಕಷ್ಟ ಐತೋ ಏನೋ" ಅಂದರು.