ಕಲಗಚ್ಚಿನ ಬಾನಿಯಲ್ಲಿ ಮಕ್ಕಳ ಹಿಟ್ಟು

ಮೊನ್ನೆ ನಮ್ಮ ಮನೆಗೆಲಸಕ್ಕೆ ಬರುವ ಹುಡುಗಿ, ತನ್ನ ಮಗುವಿಗೆ ಅಂಗನವಾಡಿಯಲ್ಲಿ ಕೊಟ್ಟ ಹಿಟ್ಟಿನ ಪೊಟ್ಟಣವನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಿಚ್ಚಿದಳು. ಹುರಿದ ಗೋಧಿಯ ವಾಸನೆ, ಬೆಲ್ಲದ ವಾಸನೆ, ಹಿಂದೆಯೇ ಚೀಲದ ಮುಗ್ಗಲು. ಸದಾಶಿವನಗರದ ಈ ಮನೆಯಲ್ಲಿ ನಿಂತಿದ್ದ ನಾನು ಸರ್ರನೆ ಹಿಂದಕ್ಕೆ ಸರಿದೆ. ಹಿಟ್ಟಿನದೇನೂ ತಪ್ಪಿರಲಿಲ್ಲ. ಆ ವಾಸನೆಯ ಜೊತೆಗೆ ನಮ್ಮ ಹಿತ್ತಲ ಮನೆಯ ಅಕ್ಕ ನೆನಪಾದಳು, ಅಷ್ಟೇ...

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಮೃತೂರಿಗೆ ಹತ್ತಿರದ ಹಳ್ಳಿ ನಮ್ಮದು. ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ನಮ್ಮ ಹಿತ್ತಲಿನ ಆಚೆಗೆ, ನಾವು ಮಕ್ಕಳೆಲ್ಲ ಅಕ್ಕ ಎಂದು ಕರೆಯುತ್ತಿದ್ದವಳ ಗುಡಿಸಲು. ಅದರ ಬಾಗಿಲಿಗೇ ತೆಂಗಿನ ಮಟ್ಟೆ ಕೊಳೆಹಾಕುವ ದೊಡ್ಡ ಗುಂಡಿ. ನಾರು ತೆಗೆಯಲು ಮಟ್ಟೆಗಳು ತಿಂಗಳುಗಟ್ಟಲೆ ಅದರಲ್ಲಿ ನೆನೆಯುತ್ತಿದ್ದವು. ನೀರು ಕಪ್ಪಗೆ ಕಷಾಯದಂತಾಗಿ, ಮೇಲೆ ನೊರೆ ಕಟ್ಟಿ, ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಆ ಕೇರಿಯವರು ಕುಡಿಯುವ ನೀರಿನ ಬಾವಿ ಇದ್ದದ್ದು ಗುಂಡಿಯ ಪಕ್ಕದಲ್ಲೇ. ಗುಂಡಿ ಪಂಚಾಯ್ತಿ ಛೇರ್ಮನ್ನರದು. ಹಾಗಾಗಿ ಮೂಗು ಮುಚ್ಚಿಕೊಂಡದ್ದು ಬಿಟ್ಟರೆ ಯಾರೂ ಬಾಯಿ ತೆರೆದವರಲ್ಲ.

ಅಕ್ಕನಿಗೆ ಒಬ್ಬ ಮಗ, ಅವನ ಹಿಂದೆ ಒಬ್ಬಳು ಮಗಳು. ಮಗನಿಗೆ ಕೈಕಾಲು ಕಡ್ಡಿ, ಹೊಟ್ಟೆ ಮಡಕೆ, ಕೂದಲು ತೆಂಗಿನ ನಾರಿನ ಬಣ್ಣ. ಮೂಗಿನ ಮೇಲೆ ನೊಣ ಕೂತರೆ ಓಡಿಸಲೂ ಅವನಲ್ಲಿ ಕಸುವಿರಲಿಲ್ಲ. ವಾರಕ್ಕೊಮ್ಮೆ ಭೇದಿ, ತಿಂಗಳಿಗೊಮ್ಮೆ ಜ್ವರ. ಒಮ್ಮೆ ಅಮೃತೂರಿನ ಡಾಕ್ಟರು ಅವನ ರೆಪ್ಪೆ ಬಿಡಿಸಿ ನೋಡಿ, "ಇವನಿಗೆ ಔಷಧಿಗಿಂತ ಮೊದ್ಲು ಹೊಟ್ಟೆಗೆ ಹಾಕಮ್ಮ. ಹಾಲು, ಬೇಳೆ, ಮೊಟ್ಟೆ ಕೊಡು. ನೀರು ಕಾಯಿಸಿ ಕುಡಿಸು. ಮೈಯಲ್ಲಿ ಶಕ್ತೀನೇ ಇಲ್ದೆ ಕಾಯಿಲೆ ಜೊತೆ ಹೇಗೆ ಹೋರಾಡ್ತಾನೆ?" ಎಂದರಂತೆ. ಅಕ್ಕ ಬಂದು ನಮ್ಮಮ್ಮನ ಮುಂದೆ ಹೇಳಿಕೊಂಡು ನಕ್ಕಳು. "ಮೊಟ್ಟೆಯಂತೆ ಕಣವ್ವ... ಮುದ್ದೆಗೆ ಉಪ್ಪುಮೆಣ್ಸಿನ್ಕಾಯಿ ಸಿಕ್ರೆ ಸಾಕಾಗೈತೆ."

ಆ ಬೇಸಿಗೆಯಲ್ಲಿ ಊರಿಗೆ ದಡಾರ ಬಂತು. ನನ್ನ ತಮ್ಮನಿಗೂ ಬಂತು, ಅಕ್ಕನ ಮಗನಿಗೂ ಬಂತು. ತಮ್ಮ ಮೊಸರನ್ನ ತಿಂದುಕೊಂಡು, ಬೇವಿನ ಸೊಪ್ಪಿನ ಮೇಲೆ ಮಲಗಿ, ಸ್ವಲ್ಪ ದಿನಕ್ಕೇ ಗೋಲಿ ಆಡಲು ಓಡಿದ. ಅದೇ ದಡಾರ ಹಿತ್ತಲಾಚೆಯ ಗುಡಿಸಲಿನಲ್ಲಿ ಬೇರೆಯೇ ಆಗಿತ್ತು. ಆ ಹುಡುಗನಿಗೆ ಬಾಯೆಲ್ಲ ಹುಣ್ಣಾಯಿತು, ಕಣ್ಣು ಕೀವು ಕಟ್ಟಿತು, ನಿಲ್ಲದ ಭೇದಿ ಹಿಡಿಯಿತು. ಉಳಿಯಲಿಲ್ಲ. ಛೇರ್ಮನ್ನರ ಹೆಂಡತಿ ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತಾ, "ಮಡಿ ಇಲ್ಲ, ಮೈಲಿಗೆ ಇಲ್ಲ. ಅಮ್ಮ ಮುನೀದೆ ಇರ್ತಾಳಾ?" ಎಂದು ಕೆಂಪಗೆ ಉಗಿದರು. ಅವರ ಗಂಡನ ಗುಂಡಿಯ ಪಕ್ಕದಲ್ಲಿ ಕುಳಿತು ಯಾವ ಮಡಿ ಮಾಡಬೇಕಿತ್ತೋ!

ಮುಂದೆ ಸ್ವಲ್ಪ ಕಾಲಕ್ಕೆ ಊರಿಗೆ ಬಾಲವಾಡಿ ಬಂತು. ನಡೆಯುತ್ತಿದ್ದದ್ದು ಛೇರ್ಮನ್ನರ ಮನೆಯ ಪಡಸಾಲೆಯಲ್ಲಿ. ಮಕ್ಕಳಿಗೆಂದು ಬರುತ್ತಿದ್ದ ಹಿಟ್ಟಿನ ಮೂಟೆಗಳು ಅವರ ಉಗ್ರಾಣದಲ್ಲಿರುತ್ತಿದ್ದವು. ಅಕ್ಕನ ಮಗಳಿಗೆ ಬೊಗಸೆಯಲ್ಲಿ ಒಂದು ಚಮಚ ಗಂಜಿ ಸಿಗುತ್ತಿತ್ತು. ಮನೆಗೆ ಬಂದ ಮೇಲೂ ಅವಳು ಆ ಕೈಯನ್ನು ನೆಕ್ಕುತ್ತಿದ್ದಳು. ಅಣ್ಣನಂತೆ ಅವಳ ಕೂದಲೂ ಕೆಂಚಗಾಗತೊಡಗಿತ್ತು.

ಅಕ್ಕ ಅದೇ ಮನೆಯ ಕೊಟ್ಟಿಗೆ ಬಾಚುವ ಕೆಲಸ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಎಮ್ಮೆಗಳಿಗೆ ಕಲಗಚ್ಚು ಕಲಸಿಟ್ಟಿದ್ದ ಬಾನಿಯಲ್ಲಿ ಅವಳಿಗೆ ಮಗಳ ಕೈಯ ವಾಸನೆ ಬಂತು. ಉಗ್ರಾಣದ ಬಾಗಿಲಲ್ಲಿ ಬಾಲವಾಡಿಯ ಮೂಟೆ ಬಾಯಿ ಬಿಚ್ಚಿಕೊಂಡು ಬಿದ್ದಿತ್ತು.

ಆ ಹೊತ್ತಿಗೆ ಜಗಲಿಯ ಮೇಲೆ ಛೇರ್ಮನ್ನರು, ಊರಿನ ನಾಲ್ಕಾರು ಹಿರಿಯರು ಕಾಫಿ ಕುಡಿಯುತ್ತಾ ಕುಳಿತಿದ್ದರು. ಅಪ್ಪನನ್ನು ಕರೆಯಲು ಹೋದ ನಾನೂ ಅಲ್ಲಿದ್ದೆ. ಅಕ್ಕ ಬಾನಿಯ ತಳದಿಂದ ಒಂದು ಮಂಕರಿ ಗಟ್ಟಿ ಹಿಟ್ಟು ಬಾಚಿ ತಂದು ಅವರ ಕಾಲ ಬಳಿ ಇಟ್ಟಳು. ಅದರ ಮೇಲೆ ಎಮ್ಮೆಯ ಜೊಲ್ಲು ಎಳೆ ಎಳೆಯಾಗಿ ಹೊಳೆಯುತ್ತಿತ್ತು.

"ಇದ್ಯಾರ್ ಮಕ್ಳ ಊಟ ಅಂತ ನೀವೇ ಏಳಿ, ಯಜಮಾನ್ರೆ."

ಛೇರ್ಮನ್ನರ ಮುಖದಲ್ಲಿ ನಾಚಿಕೆಯ ಒಂದು ಗೆರೆಯೂ ಮೂಡಲಿಲ್ಲ. "ಹುಳ ಬಿದ್ದಿತ್ತು ಕಣಮ್ಮಿ. ಎಮ್ಮೆ ತಿಂದ್ರೇನೀಗ? ಹಾಲು ಊರೋರ್ಗೇ ತಾನೆ ಸಿಗೋದು?" ಎಂದು ಲೋಟ ಎತ್ತಿ ತೋರಿಸಿದರು. ಎಲ್ಲರೂ ನಕ್ಕರು. ನಮ್ಮಪ್ಪನೂ ನಕ್ಕರು.

ಅಕ್ಕ ಕುಕ್ಕರುಗಾಲಲ್ಲಿ ಕುಳಿತಳು. ಆ ಜೊಲ್ಲು ಹಿಟ್ಟನ್ನೇ ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡಳು. ಜಗಿದಳು. ನುಂಗಿದಳು. ಮತ್ತೊಂದು ಹಿಡಿ ತೆಗೆದು, "ಎಲ್ಲೈತೆ ಉಳ? ತೋರ್ಸಿ. ನನ್ ಮಗ ಇದ್ಕೂ ಗತಿ ಇಲ್ದೆ ವೋದ" ಎಂದಳು. ಯಾರೋ ಲೋಟ ಕೆಳಗಿಟ್ಟರು. ಒಬ್ಬರು ಬಾಯಿಗೆ ಶಲ್ಯ ಒತ್ತಿಕೊಂಡು ಎದ್ದು ಹೋದರು. ನನಗೆ ಹೇಸಿಗೆಯಾದದ್ದು ಅವಳು ತಿಂದ ಹಿಟ್ಟಿನಿಂದಲ್ಲ... ಬೆಳ್ಳಗೆ ಇಸ್ತ್ರಿ ಮಾಡಿದ ಆ ಪಂಚೆಗಳಿಂದ.

ಸುದ್ದಿ ಕೇರಿ ಕೇರಿ ಹಬ್ಬಿತು. ಮರುದಿನ ಹೆಂಗಸರೆಲ್ಲ ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಜಗಲಿಯ ಮುಂದೆ ನಿಂತರು. ಬಾಲವಾಡಿ ಊರ ಶಾಲೆಯ ಕಟ್ಟಡಕ್ಕೆ ಹೋಯಿತು, ಮೂಟೆಗಳೂ ಹೋದವು. ಮಕ್ಕಳಿಗೆ ತಟ್ಟೆ ತುಂಬ ಸಿಗತೊಡಗಿತು. ಅಕ್ಕನ ಕೆಲಸ ಹೋಯಿತು. ಗುಂಡಿ ಇದ್ದಲ್ಲೇ ಇತ್ತು. ಅವಳು ಮಗಳನ್ನು ಕಟ್ಟಿಕೊಂಡು ಗುಬ್ಬಿ ಕಡೆಯ ತವರಿಗೆ ಹೊರಟುಹೋದಳು. "ಅಲ್ಲಿ ಬಾವಿ ನೀರು ತಿಳಿಯಾಗೈತೆ ಕಣವ್ವ" ಎಂದಷ್ಟೇ ಅಮ್ಮನಿಗೆ ಹೇಳಿದ್ದಳು.

ಎಂಬತ್ತರ ದಶಕದ ನಡುವೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಳು. ಪಕ್ಕದಲ್ಲಿ ಅವಳ ಭುಜಕ್ಕೆ ಬಂದಿದ್ದ ಹುಡುಗಿ. ದಪ್ಪ ಎರಡು ಜಡೆ, ಕೂದಲು ಕಾಡಿಗೆ ಕಪ್ಪು. ತವರಿನ ಅವರೆ, ಹುರುಳಿ ತಿಂದು, ಆಡಿನ ಹಾಲು, ಒಳ್ಳೆಯ ನೀರು ಕುಡಿದು ಬೆಳೆದ ಮಗು. ಅಕ್ಕ ಅವಳ ಕೆನ್ನೆ ಸವರಿ, "ಇವ್ಳು ಉಳ್ಕೊಂಡ್ಲು ನೋಡವ್ವ" ಎಂದಳು. ಆಮೇಲೆ ನನ್ನ ಕಡೆ ನೋಡದೆ, "ಅವ್ನಿಗೂ ಇಷ್ಟೇ ಬೇಕಾಗಿದ್ದು" ಎಂದಳು. ಬಸ್ಸು ಬಂತು...

ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು ಎಂದು ಈಚೆಗೆ ತಿಳಿಯಿತು. ಆ ಹುಡುಗನ ಒಂದು ಫೋಟೋ ಕೂಡ ಎಲ್ಲೂ ಇಲ್ಲ. ಅವನ ಮುಖವನ್ನು ನೆನಪಿಟ್ಟುಕೊಂಡಿದ್ದವಳು ಅವಳೊಬ್ಬಳೇ, ಈಗ ಅವಳೂ ಇಲ್ಲ. ನಾನು ಕಣ್ಣು ಮುಚ್ಚಿ ಎಷ್ಟು ಪ್ರಯತ್ನಪಟ್ಟರೂ ಆ ಮಗುವಿನ ಮುಖ ಬರುವುದಿಲ್ಲ. ಜಗಲಿಯ ಮೇಲೆ ನಕ್ಕವರ ಮುಖಗಳು ಮಾತ್ರ ಒಂದೊಂದೂ ನೆನಪಿವೆ.