ಹೆಗಲೋ, ಗಾಲಿಯೋ

ಈಚೆಗೆ ಒಂದು ಕೋಟು ಹೊಲಿಸಲು ಹೋಗಿದ್ದೆ. ನನ್ನ ಬೆನ್ನ ಹಿಂದೆ ಟೇಪು ಹಿಡಿದು ನಿಂತ ದರ್ಜಿ ಅಳತೆ ಹೇಳುವುದನ್ನು ಬಿಟ್ಟು, "ಅಲ್ಲಾ ಸ್ವಾಮಿ, ನಿಮ್ ಬಲಗಡೆ ಎಗಲು ಎಡಗಡೇಗಿಂತ ಇಳ್ದೈತಲ್ಲಾ, ವಯಸ್ನಾಗೆ ಮೂಟೆ ಒತ್ತಿದ್ರಾ?" ಎಂದು ಕೇಳಿದ. ನಾನು, "ಮೂಟೆಯಲ್ಲಪ್ಪ, ಗಾಲ್ಫ್ ಚೀಲ" ಎಂದೆ. ಅವನು ಬಲಗಡೆಗೆ ಕೊಂಚ ಹತ್ತಿ ತುಂಬಿ ಸರಿಮಾಡುವುದಾಗಿ ಮಾತುಕೊಟ್ಟ. ಅಂಗಡಿಯಿಂದ ಹೊರಬಂದವನು ಬೀದಿಯುದ್ದಕ್ಕೂ ಒಬ್ಬನೇ ನಗುತ್ತಾ ನಡೆದೆ. ಗೆಳೆಯರೇ, ಹೆಗಲಿಗೆ ನೆನಪಿದ್ದದ್ದು ನನಗೇ ಮರೆತುಹೋಗಿತ್ತು! ಅದು ಮತ್ತೆ ನೆನಪಾದದ್ದೇ ತಡ, ಈ ವಯಸ್ಸಿನಲ್ಲೂ ಕಾಲಿಗೆ ಹುರುಪು ಬಂದು, ದಾರಿಯಲ್ಲಿ ಬಿದ್ದಿದ್ದ ಒಂದು ಹುಣಿಸೆಬೀಜವನ್ನು ಕೊಡೆಯ ತುದಿಯಿಂದ ಹೊಡೆದೇಬಿಟ್ಟೆ.

ಹೊರುವುದು ನನಗೆ ಹಾಸ್ಟೆಲಿನಲ್ಲಿ ಬಂದ ವಿದ್ಯೆ. ಗಂಟೆ ಹೊಡೆದರೆ ಎದ್ದು, ಗಂಟೆ ಹೊಡೆದರೆ ಉಂಡು, ಗಂಟೆ ಹೊಡೆದರೆ ನಿದ್ದೆಹೋದವನು ನಾನು. ನಮ್ಮ ಸ್ನಾನದ ನೀರನ್ನು ನಾವೇ ಹೊರಬೇಕು, ಹಾಸಿಗೆಯನ್ನು ನಾವೇ ಸುತ್ತಿ ಹೊರಬೇಕು, ಊರಿಗೆ ಹೊರಟಾಗ ರೈಲಿನವರೆಗೆ ಟ್ರಂಕನ್ನೂ ನಾವೇ ಹೊರಬೇಕು ಎಂಬುದು ಅಲ್ಲಿನ ಕಟ್ಟಳೆ. ಹಾಗಾಗಿ ಹೊರುವವನು ನೆಟ್ಟಗಿರುವವನು, ಎಳೆಯುವವನು ಸೋಮಾರಿ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ ನಾನು ಮೇಷ್ಟರ ಕೆಲಸ ಸಿಕ್ಕಿ ಮಂಡ್ಯಕ್ಕೆ ಬಂದು ಅಕ್ಕನ ಮನೆಯಲ್ಲಿ ಉಳಿದುಕೊಂಡಾಗ, ಈ ನಂಬಿಕೆಯೂ ನನ್ನ ಟ್ರಂಕಿನ ಜೊತೆಗೇ ಬಂದಿತ್ತು.

ನಮ್ಮ ಭಾವ ಮರಿಗೌಡರು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಮೇಲ್ವಿಚಾರಕರು. ಊರೂರು ತಿರುಗಿ ಬೆಳೆ ನೋಡಿ ಬರುವ ಕೆಲಸ. ನಾಲೆಯಾಚೆ ಸೌಳು ಹಿಡಿದು ಏನೂ ಬೆಳೆಯದ ಒಂದು ಬಯಲಿತ್ತು. ಅಲ್ಲಿ ಕಾರ್ಖಾನೆಯ ಕೆಲವು ಅಧಿಕಾರಿಗಳು ಸೇರಿ ಡಬ್ಬಗಳನ್ನು ನೆಲದಲ್ಲಿ ಹೂತು ಗುಳಿ ಮಾಡಿಕೊಂಡು ಗಾಲ್ಫ್ ಆಡುತ್ತಿದ್ದರು. ಒಂದು ಸಂಜೆ ಅದೇ ದಾರಿಯಲ್ಲಿ ಬರುತ್ತಿದ್ದ ಭಾವನ ಕೈಗೆ ಯಾರೋ ತಮಾಷೆಗೆಂದು ಕೋಲು ಕೊಟ್ಟರಂತೆ. ಕಬ್ಬು ಕಡಿದು ಪಳಗಿದ ಕೈ. ಬೀಸಿದ ಬೀಸಿಗೆ ಚೆಂಡು ನಾಲೆ ದಾಟಿ ಯಾರದೋ ಗದ್ದೆಯಲ್ಲಿ ಬಿತ್ತಂತೆ. ಅಂದಿನಿಂದ ಭಾವನಿಗೆ ಆ ಆಟವೆಂದರೆ ಹುಚ್ಚು. ಆ ಹುಚ್ಚನ್ನು ನನಗೂ ಅಂಟಿಸಿದರು.

ಆ ಬಯಲಿನ ಒಂದು ವಿಶೇಷವನ್ನು ಹೇಳಲೇಬೇಕು. ಗುಳಿಯ ಸುತ್ತ ಹಸಿರು ಹುಲ್ಲು ಬೆಳೆಸುವುದು ಆ ಸೌಳಿನಲ್ಲಿ ಆಗದ ಮಾತು. ಅದಕ್ಕೆ ಬದಲಾಗಿ ಯಂತ್ರಗಳಿಗೆ ಬಳಸಿ ಉಳಿದ ಎಣ್ಣೆಯನ್ನು ಮರಳಿಗೆ ಬೆರೆಸಿ, ದುಂಡಗೆ ಹರಡಿ, ಗುಂಡುಕಲ್ಲು ಉರುಳಿಸಿ ನುಣುಪಾಗಿ ಮಾಡುತ್ತಿದ್ದರು. ಕಪ್ಪಗೆ, ದುಂಡಗೆ, ಸಾರಿಸಿದಂತೆ ಕಾಣುತ್ತಿದ್ದ ಅದನ್ನು ಸುತ್ತಮುತ್ತಲಿನ ರೈತರು ಕಣ ಎಂದೇ ಕರೆದರು; ಸುಗ್ಗಿಯ ಕಣಕ್ಕೂ ಅದಕ್ಕೂ ಅಷ್ಟು ಹೋಲಿಕೆ. ಭಾವನಂತೂ ಚೆಂಡನ್ನು ಗುಳಿಗೆ ತಳ್ಳುವ ಮೊದಲು ಅಂಚಿನಲ್ಲೇ ಮೆಟ್ಟು ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗುತ್ತಿದ್ದರು. ಕಣಕ್ಕೆ ಮೆಟ್ಟು ಹಾಕಿ ಹೋಗುವ ಮನೆತನವಲ್ಲ ನಮ್ಮದು.

ಈ ಆಟದ ಸಂಘಕ್ಕೆ ಹಿರಿಯರು ನಿವೃತ್ತ ಅಮಲ್ದಾರ್ ಸುಬ್ಬರಾಯರು. ಮಳವಳ್ಳಿಯಲ್ಲಿ ಅಧಿಕಾರ ಮಾಡಿ ಬಂದವರು. ಕಚ್ಚೆಪಂಚೆ, ಮುಚ್ಚುಕೋಟು, ಹೆಗಲ ಮೇಲೆ ಚೀಲ. ಚೀಲ ಹೊರಲು ಆಳು ಸಿಗುತ್ತಿದ್ದ ದಿನಗಳಲ್ಲೂ ಅವರು ತಮ್ಮದನ್ನು ತಾವೇ ಹೊತ್ತವರು. ಕಬ್ಬು ಕಡಿಯುವ ಕಾಲ ಬಂದು ಆಳುಗಳೆಲ್ಲ ಗದ್ದೆಗೆ ಹೋದ ಮೇಲೆ, ಆಡುವವರೆಲ್ಲ ತಮ್ಮ ಚೀಲ ತಾವೇ ಹೊರತಕ್ಕದ್ದು ಎಂದು ಸಾರಿದವರೂ ಅವರೇ. ನನಗೆ ಅವರೆಂದರೆ ಎಲ್ಲಿಲ್ಲದ ಗೌರವ. ನಮ್ಮ ಹಾಸ್ಟೆಲಿನ ಗಂಟೆಯೇ ಮುಚ್ಚುಕೋಟು ತೊಟ್ಟು ನಡೆದಂತೆ ಕಾಣುತ್ತಿದ್ದರು.

ಅಂಥದ್ದರಲ್ಲಿ ಭಾವ ಮದ್ದೂರಿನ ರಸ್ತೆಯಲ್ಲಿ ಕಬ್ಬಿನ ಗಾಡಿಯಿಂದ ಬಿದ್ದು ಬೆನ್ನು ನೋಯಿಸಿಕೊಂಡರು. ಕೆಲವು ವಾರ ಮಲಗಿ ಎದ್ದಾಗ ಡಾಕ್ಟರು, "ನಡೆಯಿರಿ, ಕೈ ಬೀಸಿ, ಅದೇ ಒಳ್ಳೆಯದು. ಆದರೆ ಹೆಗಲಿಗೆ ಭಾರ ಹಾಕಿದರೆ ಮತ್ತೆ ಹಾಸಿಗೆಯೇ ಗತಿ" ಎಂದುಬಿಟ್ಟರು. ಆಡಬಹುದು, ಹೊರಬಾರದು; ಹೊರದೆ ಆಡುವ ಹಾಗಿಲ್ಲ. ಭಾವ ಜಗಲಿಯಲ್ಲಿ ಕೂತು ನಾಲೆಯ ಕಡೆ ನೋಡತೊಡಗಿದರು. ಊಟಕ್ಕೆ ಕರೆದರೆ ಸಿಡುಕು, ಕರೆಯದಿದ್ದರೆ ಇನ್ನೂ ಸಿಡುಕು.

"ನಿಮ್ ಚೀಲ ನಾನು ಹೊರುತ್ತೇನೆ ಬಿಡಿ ಭಾವ" ಎಂದೆ ನಾನು.

"ಅಮಲ್ದಾರ್ರು ಬುಟ್ಟಾರೇನ್ಲಾ? ಅವ್ರವ್ರ್ದು ಅವ್ರವ್ರೇ ಅಂದೋರು ನೀವಿಬ್ರೂ ಅಲ್ವಾ?"

ಅಕ್ಕ ಒಳಗಿನಿಂದಲೇ ಕೂಗಿದಳು: "ಇವ್ರು ಆಟ ಬುಟ್ಟು ಇಂಗೇ ಮನೇಲಿ ಕುಂತ್ರೆ ನಾನು ತೌರಿಗೆ ಒಂಟೋಯ್ತೀನಿ ಕಣಪ್ಪ. ಏನಾರ ಮಾಡಿ, ಇವ್ರನ್ನ ಬಯ್ಲಿಗೆ ಅಟ್ರಪ್ಪ!"

ದಾರಿ ಕಂಡುಹಿಡಿದದ್ದು ಅಕ್ಕನೇ. ಗುತ್ತಲಿನ ಕೆಂಪಾಚಾರಿಗೆ ಹೇಳಿಕಳಿಸಿದಳು. ಕೆಂಪಾಚಾರಿ ಗಾಡಿ ಮಾಡುವುದರಲ್ಲಿ ತನ್ನ ಸಮಾನ ಯಾರೂ ಇಲ್ಲವೆಂದು ತಾನೇ ಹೇಳಿಕೊಂಡು ತಿರುಗುವ ಆಸಾಮಿ. ರಬ್ಬರು ಟೈರು ಯುದ್ಧದ ದೆಸೆಯಿಂದ ಕಣ್ಣಿಗೂ ಸಿಗದ ಕಾಲ. ಆದ್ದರಿಂದ ಅವನು ಎರಡು ಪುಟ್ಟ ಮರದ ಗಾಲಿ ಕಡೆದು, ಅದಕ್ಕೆ ಕಬ್ಬಿಣದ ಪಟ್ಟಿ ತೊಡಿಸಿ, ಅಚ್ಚಿಗೆ ಹರಳೆಣ್ಣೆ ಬಿಟ್ಟು, ಮುಂದಕ್ಕೆ ಮೂಕಿಯನ್ನೂ ನೊಗವನ್ನೂ ಇಟ್ಟು, ಒಂದು ಎತ್ತಿನ ಗಾಡಿಯ ಮರಿಯನ್ನೇ ತಂದು ಅಂಗಳದಲ್ಲಿ ನಿಲ್ಲಿಸಿದ.

"ನೊಗ ಯಾಕ್ಲಾ ಆಚಾರಿ, ಎತ್ತು ಎಲ್ಲೈತೆ?" ಎಂದರು ಭಾವ.

"ನೊಗ ಇಲ್ದಿದ್ರೆ ಅದು ಗಾಡಿ ಎಂಗಾದಾತು ಗೌಡ್ರೇ? ಎತ್ತು ನೀವು ನೋಡ್ಕಳಿ, ಅದು ನನ್ ಕೆಲ್ಸ ಅಲ್ಲ."

ಅಕ್ಕ ಬಿಡುವವಳೇ? ಹೊಸ ಗಾಡಿ ಎಂದ ಮೇಲೆ ಪೂಜೆಯಿಲ್ಲದೆ ಹೊರಡಿಸುವಂತಿಲ್ಲ. ಗಾಲಿಗೆ ಅರಿಸಿನ ಕುಂಕುಮ, ನೊಗಕ್ಕೆ ಚೆಂಡುಹೂವು, ಗಾಲಿಯ ಕೆಳಗೆ ಒಂದೊಂದು ನಿಂಬೆಹಣ್ಣು. ಭಾವ ಚೀಲವನ್ನು ಗಾಡಿಯ ಮೇಲೆ ಕಟ್ಟಿ ಎಳೆದರು. ನಿಂಬೆಹಣ್ಣು ಚಟ್ಟೆಂದು ಒಡೆಯಿತು, ಬೀದಿಯ ಜನ ನಕ್ಕರು, ನಾನು ಹಿಂದೆ ನನ್ನ ಚೀಲ ಹೊತ್ತುಕೊಂಡು ನಾಚಿಕೆಯಿಂದ ತಲೆ ತಗ್ಗಿಸಿ ನಡೆದೆ. ಭಾವ ಮಾತ್ರ ಮದುವೆ ಮೆರವಣಿಗೆಯ ಮದುಮಗನಂತೆ ತಲೆಯೆತ್ತಿ ಹೊರಟಿದ್ದರು.

ಬಯಲಿನಲ್ಲಿ ಅಮಲ್ದಾರರು ಆ ವಾಹನವನ್ನು ಮೂರು ಸುತ್ತು ಬಂದು ನೋಡಿದರು. "ಏನಿದು ಗೌಡರೇ? ಗಾಲ್ಫಿಗೆ ಬಂದಿರೋ, ಕಬ್ಬು ಸಾಗಿಸೋಕೆ ಬಂದಿರೋ?"

"ಬೆನ್ನು ಕೇಳಾಕಿಲ್ಲ ಸ್ವಾಮಿ. ಎಳ್ಕಂಡಾದ್ರೂ ಆಡ್ಬುಡ್ತೀನಿ."

"ಈ ಕಬ್ಬಿಣ ನಮ್ಮ ನೆಲವನ್ನು ಉತ್ತು ಹಾಕುತ್ತದಲ್ಲ!" ಎಂದು ಯೋಚಿಸಿ, ಅವರು ತೀರ್ಪು ಕೊಟ್ಟರು: "ಆಗಲಿ, ಇವತ್ತು ನನ್ನ ಜೊತೆ ಒಂದು ಆಟ ಆಡಿ. ನಿಮ್ಮ ಗಾಡಿ ನಮ್ಮ ಬಯಲನ್ನು ಕೆಡಿಸದೆ ಹೋದರೆ ಎಂದೆಂದಿಗೂ ತರಬಹುದು. ಕೆಡಿಸಿದರೆ ನಾಳೆಯಿಂದ ಇಲ್ಲ. ಒಪ್ಪಿಗೆಯೋ?"

ಭಾವ ಒಪ್ಪಿದರು. ಬೇರೆ ದಾರಿ ಏನಿತ್ತು? ನಾಲೆಯ ಏರಿಯ ಮೇಲೆ ಹೊಂಗೆಮರದ ಕೆಳಗೆ, ಮಜ್ಜಿಗೆಯ ಚೊಂಬು ಇಟ್ಟುಕೊಂಡು, ನಮ್ಮ ಹಿಂದೆಯೇ ಬಂದಿದ್ದ ಅಕ್ಕ ಕೂತಳು.

ಆ ಬೆಳಗಿನ ಆಟವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ! ಒಬ್ಬರು ಹೊತ್ತು ನಡೆಯುವವರು, ಇನ್ನೊಬ್ಬರು ಎಳೆದು ನಡೆಯುವವರು. ಇಬ್ಬರ ನಡಿಗೆಯನ್ನೂ ನಾನು ಹಿಂದಿನಿಂದ ನೋಡುತ್ತಾ ಹೋದೆ. ಹೊತ್ತವನ ಭಾರ ಅವನ ಮೈಯ ಒಂದು ಅಂಗವೇ ಆಗಿಬಿಡುತ್ತದೆ. ಅವನು ತಿರುಗಿದರೆ ಅದೂ ತಿರುಗುತ್ತದೆ, ನಿಂತರೆ ನಿಲ್ಲುತ್ತದೆ, ಅದರ ಬಗ್ಗೆ ಬೇರೆ ಯೋಚನೆಯೇ ಬೇಕಿಲ್ಲ. ಎಳೆಯುವವನ ಭಾರಕ್ಕೆ ತನ್ನದೇ ಒಂದು ಬಾಳಿದೆ. ಅದು ಇಳಿಜಾರಿನಲ್ಲಿ ಮುನ್ನುಗ್ಗುತ್ತದೆ, ಗುಂಡಿಯಲ್ಲಿ ಹಟ ಹಿಡಿಯುತ್ತದೆ, ಅವನು ಮತ್ತೆ ಮತ್ತೆ ತಿರುಗಿ ನೋಡಿ ಅದನ್ನು ಮಾತನಾಡಿಸಬೇಕಾಗುತ್ತದೆ. ಎಳೆಯುವುದು ಸೋಮಾರಿಯ ಕೆಲಸವೆಂದು ತಿಳಿದಿದ್ದ ನನಗೆ, ಭಾವ ಆ ಗಾಡಿಯನ್ನು ಆ ಸೌಳಿನಲ್ಲಿ ತಪ್ಪಿ ಹುಟ್ಟಿದ ಒಂದು ಹಸಿರು ಚಿಗುರೂ ನಲುಗದಂತೆ ಸುತ್ತುದಾರಿ ಹಿಡಿಸಿ, ಪ್ರತಿ ಕಣದ ಅಂಚಿನಾಚೆಗೇ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಮೆಟ್ಟು ಕಳಚಿ ಒಳಗೆ ಹೋಗುವುದನ್ನು ನೋಡುತ್ತಾ ನೋಡುತ್ತಾ ಮನಸ್ಸು ಸಡಿಲವಾಗತೊಡಗಿತು. ಅಷ್ಟು ಎಚ್ಚರದಿಂದ ನಾನು ಏನನ್ನಾದರೂ ಹೊತ್ತಿದ್ದೆನೇ?

ಆಟವೋ, ಸರಿಸಮನಾಗಿ ಸಾಗಿ ಕೊನೆಯ ಕಣಕ್ಕೆ ಬಂತು. ಭಾವನ ಚೆಂಡು ಗುಳಿಯಿಂದ ಗೇಣಿನಷ್ಟು ದೂರದಲ್ಲಿ ಬಂದು ಕೂತಿತು. ಅಮಲ್ದಾರರದು ಕಣದ ಆ ತುದಿಯಲ್ಲಿ. ಅವರು ಅಲ್ಲಿಂದ ಒಂದೇ ಏಟಿಗೆ ಗುಳಿಗೆ ಹಾಕಿದರೆ ಮಾತ್ರ ಅವರ ಗೆಲುವು. ಅಷ್ಟು ದೂರದಿಂದ ಅವರು ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಅಷ್ಟೇ ಅಲ್ಲ, ಭಾವನನ್ನು ಅವರು ಒಮ್ಮೆಯೂ ಸೋಲಿಸಿರಲೂ ಇಲ್ಲ. ಗಾಡಿ ಬಯಲನ್ನು ಕೆಡಿಸಿಲ್ಲ, ಆಟವೂ ಗೆದ್ದಂತೆಯೇ. ಭಾವನ ಮುಖ ಅರಳಿತು. ಆ ಸಂತೋಷದಲ್ಲಿ ಅವರು ಮಾಡಿದ್ದನ್ನು, ಕಣದಲ್ಲಿ ಬೆಳೆದ ಮನುಷ್ಯನಲ್ಲದೆ ಇನ್ನಾರೂ ಮಾಡುತ್ತಿರಲಿಲ್ಲ.

ಒಕ್ಕಣೆ ಮುಗಿದ ಮೇಲೆ, ರಾಶಿ ತುಂಬಿಕೊಳ್ಳಲು ಗಾಡಿಯನ್ನು ಕಣದೊಳಕ್ಕೆ ತರುತ್ತಾರಲ್ಲ, ನೊಗ ಹೊರಮುಖವಾಗಿರುವಂತೆ ಹಿಂದುಹಿಂದಕ್ಕೆ ತಳ್ಳಿ ರಾಶಿಯ ಹತ್ತಿರ ನಿಲ್ಲಿಸುತ್ತಾರಲ್ಲ, ಹಾಗೆಯೇ ಭಾವ ಭಕ್ತಿಯಿಂದ ಮೆಟ್ಟು ಕಳಚಿಟ್ಟು, "ಹೋ, ಹೋ" ಎನ್ನುತ್ತಾ ಆ ಗಾಡಿಯನ್ನು ಅಮಲ್ದಾರರ ಚೆಂಡಿನ ಪಕ್ಕದಿಂದಲೇ ಹಿಂದುಹಿಂದಕ್ಕೆ ತಳ್ಳಿಕೊಂಡು ಬಂದು ಗುಳಿಯ ಬಳಿ ನಿಲ್ಲಿಸಿ, ಹಣೆಯ ಬೆವರು ಒರೆಸಿಕೊಂಡರು!

"ಗೌಡರೇ!" ಎಂದು ಅಮಲ್ದಾರರು ಕಿರುಚಿದರು.

ಭಾವ ಕೆಳಗೆ ನೋಡಿದರು. ನುಣುಪಾದ ಎಣ್ಣೆಮರಳಿನಲ್ಲಿ ಎರಡು ಆಳವಾದ ಜಾಡು, ಕಬ್ಬಿಣದ ಪಟ್ಟಿ ಕೊರೆದದ್ದು. ಅವರ ಮುಖ ಬಾಡಿದ್ದನ್ನು ನಾನು ನೋಡಲಾರದೆ ಹೋದೆ. ಭಾವ ಗಾಡಿಯನ್ನು ಮೆಲ್ಲಗೆ ಅದೇ ಜಾಡಿನಲ್ಲಿ ಹೊರಕ್ಕೆ ಎಳೆದು, "ಕೈ ಅಭ್ಯಾಸ ಸ್ವಾಮಿ" ಎಂದರು.

ನಾನು ಮರಳು ಸರಿಮಾಡುವ ಹಲಗೆ ತರಲು ಓಡಿದೆ. "ಮುಟ್ಟಬೇಡಿ ಮೇಷ್ಟರೇ!" ಎಂದರು ಅಮಲ್ದಾರರು. "ಗಾಲಿ ಏನು ಮಾಡಿತು ಅನ್ನುವುದನ್ನು ಸಂಘದವರೆಲ್ಲ ಬಂದು ನೋಡಲಿ. ಇದು ಹೀಗೇ ಇರಲಿ. ನಾನು ಹೀಗೇ ಆಡುತ್ತೇನೆ."

ಹೆಗಲಿನ ಚೀಲವನ್ನೂ ಇಳಿಸದೆ, ಕೋಪದಲ್ಲಿಯೇ, ಅವರು ಚೆಂಡನ್ನು ತಳ್ಳಿದರು. ಚೆಂಡು ಅಡ್ಡಾದಿಡ್ಡಿ ಹೊರಟಿತು. ಗುಳಿಯ ಕಡೆಗಂತೂ ಅಲ್ಲವೇ ಅಲ್ಲ. ಸ್ವಲ್ಪ ದೂರ ಹೋಗಿ, ಬಲಗಾಲಿಯ ಜಾಡಿಗೆ ಬಿತ್ತು. ಬಿದ್ದದ್ದೇ, ನಾಲೆಗೆ ಬಿದ್ದ ನೀರಿನಂತೆ ಜಾಡು ಹಿಡಿದು ಉರುಳಿತು. ಉರುಳಿ, ಉರುಳಿ, ಜಾಡು ಮುಗಿದಲ್ಲಿ ಗುಳಿಯ ಅಂಚನ್ನು ಒಂದು ಸುತ್ತು ಬಂದು, ಠಣ್ ಎಂದು ಡಬ್ಬದೊಳಗೆ ಇಳಿಯಿತು.

ಅಮಲ್ದಾರರು ಹಾರಿದರು. ಗೆಳೆಯರೇ, ಅಷ್ಟು ವಯಸ್ಸಿನ ಮನುಷ್ಯ, ಚೀಲ ಹೊತ್ತುಕೊಂಡೇ, ಕಚ್ಚೆಪಂಚೆಯಲ್ಲಿ ನೆಲ ಬಿಟ್ಟು ಹಾರಿದ್ದನ್ನು ನಾನು ಕಣ್ಣಾರೆ ಕಂಡೆ. "ಗೆದ್ದೆ! ಗೌಡರೇ, ಕೊನೆಗೂ ಗೆದ್ದೆ!"

ಆಗ ಏರಿಯ ಮೇಲಿನಿಂದ ಅಕ್ಕನ ದನಿ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಇಳಿದು ಬರುತ್ತಿದ್ದಳು. "ಸ್ವಾಮಿ, ತಿಳೀದೋಳು ಕೇಳ್ತೀನಿ, ಕ್ವಾಪ ಮಾಡ್ಕಬ್ಯಾಡಿ. ಆ ಜಾಡು ಒಳ್ಳೇದಾ, ಕೆಟ್ಟದ್ದಾ?"

"ಅಂದರೇನಮ್ಮಾ?"

"ಕೆಟ್ಟದ್ದು ಅಂದ್ರೆ, ಕೆಟ್ಟ ನೆಲದಾಗೆ ಬಂದ ಚೆಂಡು ಲೆಕ್ಕಕ್ಕಿಲ್ಲ, ಎತ್ಕಂಡು ಮೊದ್ಲಿಂದ ಒಡೀರಿ. ಇಲ್ಲ, ಆ ಚೆಂಡು ಗೆದ್ದೈತೆ ಅನ್ನೋದಾದ್ರೆ, ಜಾಡ್ನಾಗೆ ಏನೂ ಕೆಟ್ಟಿಲ್ಲ, ನಮ್ ಗಾಡಿ ನಾಳೀಕೂ ಬತ್ತದೆ. ಎರಡೂ ನಿಮ್ದೇ ಅಂದ್ರೆ ಎಂಗೆ ಸ್ವಾಮಿ?"

ಭಾವ ಗಾಬರಿಯಾಗಿ, "ಲೇ, ಸುಮ್ಕಿರಮ್ಮಿ!" ಎಂದರು. ಅವಳು ಸುಮ್ಮನಿರಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದಳು.

ಅಮಲ್ದಾರರು ಗುಳಿಯನ್ನು ನೋಡಿದರು, ಜಾಡನ್ನು ನೋಡಿದರು. ಅವರ ಒಳಗೆ ನಡೆಯುತ್ತಿದ್ದ ಜಗ್ಗಾಟ ನನಗೆ ಕಾಣುತ್ತಿತ್ತು. ಬದುಕಿನುದ್ದಕ್ಕೂ ಅವರು ಹೊತ್ತದ್ದು ಬರೀ ಚೀಲವಲ್ಲ, ಕಟ್ಟಳೆಯನ್ನು. ನಾನೂ ಅದನ್ನೇ ಹೊತ್ತವನು. ಹೊತ್ತು ಹೊತ್ತು ಅದು ಮೈಗಂಟಿದ ಮೇಲೆ, ಇಳಿಸಬಹುದೆಂಬುದೇ ಮರೆತುಹೋಗುತ್ತದೆ. ಅದನ್ನು ಇಳಿಸಲು ಎಷ್ಟು ದೊಡ್ಡ ಆಸೆ ಬೇಕು! ಅವರ ಎದುರಿಗೆ ಅಂಥ ಒಂದು ಆಸೆ, ಪುಟ್ಟದಾಗಿ, ಬಿಳಿಯದಾಗಿ, ಡಬ್ಬದ ತಳದಲ್ಲಿ ಕೂತಿತ್ತು. ನನ್ನ ಇಷ್ಟು ದಿನದ ನಂಬಿಕೆಗೆ ವಿರುದ್ಧವಾಗಿ, ಗಾಲಿ ಗೆಲ್ಲಲಿ, ಗಾಲಿ ಗೆಲ್ಲಲಿ ಎಂದು ಮನಸ್ಸು ಕೂಗುತ್ತಿತ್ತು.

ಅಮಲ್ದಾರರು ಬಗ್ಗಿದರು. ಚೆಂಡನ್ನು ಎತ್ತಿ, ಪಂಚೆಯ ಸೆರಗಿನಲ್ಲಿ ಎಣ್ಣೆಮರಳನ್ನು ಒರೆಸಿ, ಜೋಪಾನವಾಗಿ ಕೋಟಿನ ಜೇಬಿಗೆ ಹಾಕಿಕೊಂಡರು.

"ಗೌಡರೇ, ನೀವು ಸೋತಿರಿ" ಎಂದರು. ಆಮೇಲೆ, ಜಾಡಿನ ಕಡೆ ನೋಡದೆ, "ನಾಳೆ ಸ್ವಲ್ಪ ಬೇಗ ಬನ್ನಿ. ಗಾಡಿಯನ್ನು ಮಾತ್ರ ಅಂಚಿನಲ್ಲೇ ನಿಲ್ಲಿಸಿ."

ಭಾವ ನೊಗ ಹಿಡಿದು, ಮೆಟ್ಟನ್ನೂ ಮರೆತು, ಬರಿಗಾಲಲ್ಲೇ ಗಾಡಿ ಎಳೆದುಕೊಂಡು ಏರಿಯ ಮೇಲೆ ಹತ್ತಿದರು. ಬೆನ್ನು ನೋವಿನ ಮನುಷ್ಯ ಓಡುತ್ತಿದ್ದರು! ಎದುರಿಗೆ ಕಬ್ಬು ಹೇರಿಕೊಂಡು ಬರುತ್ತಿದ್ದ ಗಾಡಿಯವನೊಬ್ಬ ಎತ್ತನ್ನು ಪಕ್ಕಕ್ಕೆ ಸರಿಸಿ ಕೇಳಿದ:

"ಏನ್ ಗೌಡ್ರೇ, ಈಪಾಟಿ ಕುಸಿ? ಗೆದ್ರಾ?"

"ಸೋತೆ ಕಣಪ್ಪಾ!" ಎಂದು ಭಾವ ನಾಲೆಯುದ್ದಕ್ಕೂ ಕೇಳುವಂತೆ ಕೂಗಿದರು. "ಸೋತ್ಬುಟ್ಟೆ ಕಣ್ಲಾ, ಸೋತೇಬುಟ್ಟೆ!"